ಹಿಂದಿನವರು ನೀರೊಳಗೆ ಉಸಿರಾಡುವ ಸ್ಕೂಬಾ ಸಾಮಾನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರಂತೆ, ಬಾವಿಗೆ ಇಳಿಯಲು ನಾವೂ ಮಾಡಿಕೊಳ್ಳಬಹುದಾ?

ಬಾವಿಕಟ್ಟೆ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲ ಬೆಳಗಾವಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರ. ಅಜ್ಜನ ಕಾಲದ ತೆರೆದ ಬಾವಿ, ಸುತ್ತಲೂ ಕಲ್ಲು ಕಟ್ಟಿದ್ದಾರೆ. ಹೋದ ವಾರ ಮೋಟರಿಗೆ ಕಟ್ಟಿದ್ದ ಹಗ್ಗ ಹರಿಯಿತು, ಪೈಪೂ ಕಳಚಿಕೊಂಡಿತು, 3 ಎಚ್‌ಪಿ ಮೋಟರ್ ಹೋಗಿ ತಳದಲ್ಲಿ ಕೂತಿದೆ. ವೈರ್ ಬಿಚ್ಚಿ ಹಾಕಿದ್ದೇವೆ, ಕರೆಂಟಿನ ಭಯ ಇಲ್ಲ. ನೀರು ಅಂದಾಜು 25ರಿಂದ 30 ಅಡಿ ಇರಬಹುದು.

ಊರಲ್ಲಿ ಮುಳುಗು ಹಾಕಿ ಇಂಥದ್ದನ್ನು ತೆಗೆಯುತ್ತಿದ್ದ ಹಿರಿಯರಿಗೆ ಈಗ ವಯಸ್ಸಾಗಿದೆ. ನಾನು ಬೆಂಡು ಕಟ್ಟಿಕೊಂಡು ಇದೇ ಬಾವಿಯಲ್ಲಿ ಈಜು ಕಲಿತವನು. ಎರಡು ಸಲ ಪ್ರಯತ್ನ ಮಾಡಿದೆ. ಅರ್ಧ ದಾರಿಯಲ್ಲೇ ಕಿವಿಯೊಳಗೆ ಸೂಜಿ ಚುಚ್ಚಿದ ಹಾಗಾಗಿ ಮೇಲೆ ಬಂದುಬಿಟ್ಟೆ.

ಆಮೇಲೆ ರಾತ್ರಿಯೆಲ್ಲಾ ಕೂತು ಓದಿದೆ. 1950ರ ಸುಮಾರಿಗೆ ಇಂಗ್ಲೆಂಡು, ಅಮೆರಿಕದಲ್ಲಿ ಅಂಗಡಿಯಲ್ಲಿ ಸ್ಕೂಬಾ ಸಾಮಾನು ಸುಲಭವಾಗಿ ಸಿಗುತ್ತಿರಲಿಲ್ಲ, ಸಿಕ್ಕರೂ ಸಾಮಾನ್ಯ ಜನರಿಗೆ ಎಟುಕುವ ಬೆಲೆಯಲ್ಲ. ಹಾಗಾಗಿ ಹುಡುಗರು ಅಡುಗೆ ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿ ಉಸಿರಾಡುವ ಯಂತ್ರ ಮಾಡಿಕೊಳ್ಳುತ್ತಿದ್ದರಂತೆ. ಹಳೆಯ ಟ್ಯೂಬಿನಿಂದ ಕನ್ನಡಕ, ವಿಮಾನದ ಹಳೆಯ ಸಿಲಿಂಡರು, ಎರಕ ಹೊಯ್ದ ಸೀಸದ ಬೆಲ್ಟು. ಓದಿ ಮೈ ಜುಮ್ ಅಂದಿತು. ನಮ್ಮ ಕಾಕಾನ ಲೇತ್ ಇದೆ, ಪಂಕ್ಚರ್ ಅಂಗಡಿಯಲ್ಲಿ ಇರುತ್ತದಲ್ಲ ಅಂಥ ಕಂಪ್ರೆಸರ್ ಇದೆ, ಮನೆಯಲ್ಲಿ ಎರಡು ಹಳೆ ಗ್ಯಾಸ್ ರೆಗ್ಯುಲೇಟರ್ ಬಿದ್ದಿವೆ.

ಕೇಳಬೇಕಾದದ್ದು ಇಷ್ಟೇ. ಆ ಯಂತ್ರ ನಿಜವಾಗಿ ಹೇಗೆ ಕೆಲಸ ಮಾಡುತ್ತಿತ್ತು? ಕಂಪ್ರೆಸರಿನಿಂದ ಉದ್ದ ಪೈಪ್ ಬಿಟ್ಟು, ರೆಗ್ಯುಲೇಟರ್ ಹಾಕಿ, ಐದು ನಿಮಿಷ ತಳಕ್ಕೆ ಹೋಗಿ ಮೋಟರಿಗೆ ಹಗ್ಗ ಕಟ್ಟಿ ಬರಲು ಆಗುತ್ತದಾ? ಗೊತ್ತಿದ್ದವರು ಬಿಡಿಸಿ ಹೇಳಿ. ಸುಮ್ನೆ "ಬೇಡ" ಅಂದರೆ ಮನಸ್ಸು ಒಪ್ಪುವುದಿಲ್ಲ.

ಹಳೇ ಲೇತ್ (ಉದ್ಯಮಬಾಗ್, ಬೆಳಗಾವಿ)

ತಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ಮೂವತ್ತು ವರ್ಷ ವಾಲ್ವ್ ಬಾಡಿ ತಿರುವಿದ ಕೈ ನನ್ನದು. ನಿನ್ನ ಪ್ರಶ್ನೆ ಓದಿ ಮನೆಯಲ್ಲಿದ್ದ ಕೆಟ್ಟ ಗ್ಯಾಸ್ ರೆಗ್ಯುಲೇಟರ್ ಒಂದನ್ನು ಮತ್ತೆ ವೈಸ್‌ಗೆ ಹಿಡಿದು ಮುಚ್ಚಳ ತೆಗೆದೆ. ಒಳಗೆ ಇರುವುದು ನಾಲ್ಕೇ ಸಾಮಾನು. ಕರಿ ರಬ್ಬರಿನ ತೆಳು ಪರದೆ ಅಂದರೆ ಡಯಾಫ್ರಾಮ್, ಅದರ ಮೇಲೆ ಒಂದು ಸ್ಪ್ರಿಂಗ್, ಕೆಳಗೆ ಬೆರಳುದ್ದದ ಲಿವರ್, ಲಿವರ್ ತುದಿಗೆ ಹೆಸರುಕಾಳಿನಷ್ಟು ರಬ್ಬರ್ ಇರುವ ವಾಲ್ವ್. ಮುಚ್ಚಳದಲ್ಲಿ ಒಂದು ಸೂಜಿ ತೂತು ಇದೆ ನೋಡು, ಅದನ್ನು ಯಾರೂ ಗಮನಿಸುವುದಿಲ್ಲ. ಡಯಾಫ್ರಾಮಿನ ಮೇಲಿನ ಮೈಗೆ ಹೊರಗಿನ ಗಾಳಿಯ ಒತ್ತಡ ತಾಗುವುದೇ ಆ ತೂತಿನಿಂದ.

ಈಗ ಇದನ್ನು ನೀರೊಳಗೆ ಇಟ್ಟ ಹಾಗೆ ಯೋಚನೆ ಮಾಡು. ತೂತಿನಿಂದ ಗಾಳಿಯ ಬದಲು ನೀರು ಬಂದು ಡಯಾಫ್ರಾಮನ್ನು ಒತ್ತುತ್ತದೆ. ಆಳ ಹೋದಷ್ಟೂ ಜಾಸ್ತಿ ಒತ್ತುತ್ತದೆ, ವಾಲ್ವ್ ಅಷ್ಟೇ ಜಾಸ್ತಿ ಒತ್ತಡದ ಗಾಳಿ ಬಿಡುತ್ತದೆ. ನೀನು ಉಸಿರು ಎಳೆದರೆ ಡಯಾಫ್ರಾಮ್ ಒಳಗೆ ಬಗ್ಗಿ ಲಿವರ್ ಒತ್ತಿ ಗಾಳಿ ಬರುತ್ತದೆ, ಎಳೆಯುವುದು ನಿಲ್ಲಿಸಿದರೆ ಮುಚ್ಚಿಕೊಳ್ಳುತ್ತದೆ. ಸುತ್ತಲಿನ ನೀರಿನ ಒತ್ತಡ ಎಷ್ಟೋ ಅಷ್ಟೇ ಒತ್ತಡದ ಗಾಳಿ, ಬೇಕಾದಾಗ ಮಾತ್ರ. ಸ್ಕೂಬಾದ ಜೀವ ಇರುವುದು ಇಷ್ಟರಲ್ಲೇ.

ಇದು ಹುಟ್ಟಿದ್ದೂ ಗ್ಯಾಸಿನಿಂದಲೇ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಪೆಟ್ರೋಲ್ ಸಿಗುತ್ತಿರಲಿಲ್ಲ, ಕಾರುಗಳನ್ನು ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಆ ಗ್ಯಾಸನ್ನು ಎಂಜಿನ್ ಎಳೆದಷ್ಟೇ ಕೊಡುವ ಒಂದು ರೆಗ್ಯುಲೇಟರನ್ನು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ಮಾಡಿದ್ದರು. 1942ರ ಡಿಸೆಂಬರಿನಲ್ಲಿ ನೌಕಾಪಡೆಯ ಅಧಿಕಾರಿ ಜಾಕ್ ಕೂಸ್ಟೋ ಅವರ ಹತ್ತಿರ ಬಂದು, ನೀರೊಳಗೆ ಉಸಿರಾಡಲು ತಾನೇ ತಾನಾಗಿ ತೆರೆಯುವ ವಾಲ್ವ್ ಬೇಕು ಅಂದರು. ಅದೇ ರೆಗ್ಯುಲೇಟರ್ ತಿದ್ದಿ 1943ರ ಆರಂಭದಲ್ಲಿ ಪ್ಯಾರಿಸ್ ಹತ್ತಿರದ ಮಾರ್ನ್ ನದಿಯಲ್ಲಿ ಇಳಿದು ನೋಡಿದರು.

ಮೊದಲ ಸಲ ಸರಿಯಾಗಲಿಲ್ಲ. ಯಾಕೆ ಅನ್ನುವುದನ್ನು ನಮ್ಮಂಥ ಕೆಲಸದವರು ತಿಳಿಯಬೇಕು. ಅಡ್ಡ ಮಲಗಿ ಈಜುವಾಗ ಗಾಳಿ ಚೆನ್ನಾಗಿ ಬಂತು. ನೆಟ್ಟಗೆ ನಿಂತರೆ ಗಾಳಿ ಬುಸುಬುಸು ಅಂತ ಸುಮ್ಮನೆ ಹೊರಗೆ ಹೋಯಿತು. ತಲೆಕೆಳಗಾದರೆ ಎಳೆಯಲು ಕಷ್ಟವಾಯಿತು. ಬಿಟ್ಟ ಉಸಿರು ಹೊರಹೋಗುವ ಬಾಯಿ ಒಂದು ಕಡೆ, ಡಯಾಫ್ರಾಮ್ ಇನ್ನೊಂದು ಕಡೆ ಇತ್ತು. ನಡುವೆ ಇದ್ದದ್ದು ಸುಮಾರು 15 ಸೆಂಟಿಮೀಟರ್, ನಮ್ಮ ಒಂದು ಗೇಣೂ ಅಲ್ಲ. ಅಷ್ಟು ನೀರಿನ ವ್ಯತ್ಯಾಸಕ್ಕೆ ಯಂತ್ರ ಹದ ತಪ್ಪಿತು. ಆಮೇಲೆ ಉಸಿರು ಹೊರಹೋಗುವ ಬಾಯಿಯನ್ನು ಡಯಾಫ್ರಾಮಿನ ಪಕ್ಕಕ್ಕೇ ತಂದಿಟ್ಟರು, ಎಲ್ಲಾ ಭಂಗಿಯಲ್ಲೂ ಸರಿಹೋಯಿತು. ಹಳೆಯ ಫೋಟೋಗಳಲ್ಲಿ ಬಾಯಿಯ ಎರಡೂ ಕಡೆಯಿಂದ ಬೆನ್ನಿಗೆ ಹೋಗುವ ಎರಡು ದಪ್ಪ ಪೈಪ್ ಕಾಣುತ್ತವಲ್ಲ, ಅದಕ್ಕೆ ಕಾರಣ ಇದೇ. ಒಂದು ಗಾಳಿ ತರಲು, ಇನ್ನೊಂದು ಬಿಟ್ಟ ಉಸಿರನ್ನು ಬೆನ್ನಿನ ಡಯಾಫ್ರಾಮಿನ ಹತ್ತಿರಕ್ಕೆ ಒಯ್ಯಲು. ಮುಂದೆ 1950ರ ದಶಕದ ಆರಂಭದಲ್ಲಿ ಮೆಲ್ಬೋರ್ನಿನ ಟೆಡ್ ಎಲ್ಡ್ರೆಡ್ ಡಯಾಫ್ರಾಮನ್ನೇ ಬಾಯಿಯ ಮುಂದೆ ತಂದರು, ಒಂದೇ ಪೈಪು ಸಾಕಾಯಿತು. ಈಗ ಎಲ್ಲರೂ ಬಳಸುವುದು ಆ ಬಗೆಯದ್ದನ್ನೇ.

ನಿನ್ನ ಮಾತಿಗೆ ಬರುತ್ತೇನೆ. ಆಗ ಇಂಗ್ಲೆಂಡಿನವರು ಗ್ಯಾಸ್ ರೆಗ್ಯುಲೇಟರ್ ಬಳಸಿದ್ದು ನಿಜ, ಯುದ್ಧ ವಿಮಾನದ ಹಳೆ ಆಕ್ಸಿಜನ್ ಸಿಲಿಂಡರಿಗೆ ಗಾಳಿ ತುಂಬಿದ್ದೂ ನಿಜ. ಆದರೆ ಹೊರಗಿನ ಡಬ್ಬಿ ಮಾತ್ರ ರೆಗ್ಯುಲೇಟರಿನದು. ಒಳಗೆ ಸ್ಪ್ರಿಂಗ್ ಬದಲಾಯಿಸಿ, ಲಿವರ್ ಹೊಸದಾಗಿ ಮಾಡಿ, ಉಸಿರು ಹೊರಹೋಗಲು ಬೇರೆ ವಾಲ್ವ್ ಕೂರಿಸಿ, ಮೇಲಾಗಿ ಸಿಲಿಂಡರಿನ ಭಾರಿ ಒತ್ತಡವನ್ನು ಇಳಿಸಲು ಮುಂಚೆಯೇ ಇನ್ನೊಂದು ಹಂತ ಇಡಬೇಕಾಗಿತ್ತು. ನಿನ್ನ ಮನೆಯ ರೆಗ್ಯುಲೇಟರ್ ಹೊರಗೆ ಕೊಡುವುದು ಸುಮಾರು 30 ಸೆಂಟಿಮೀಟರ್ ನೀರಿನಷ್ಟು ಒತ್ತಡ. ಡೈವಿಂಗ್ ಸಿಲಿಂಡರಿನಲ್ಲಿ ಚದರ ಸೆಂಟಿಮೀಟರಿಗೆ 200 ಕೆಜಿ ಇರುತ್ತದೆ. ನೇರ ಜೋಡಿಸಿದರೆ ಅದು ಗುಂಡಿನ ಹಾಗೆ ಹಾರುತ್ತದೆ. ಕಂಪ್ರೆಸರಿನ ಎಂಟು ಹತ್ತು ಕೆಜಿಗೂ ಅದನ್ನು ಮಾಡಿದ್ದಲ್ಲ. ಈ ಸಾಮಾನು ಮಾಡಲು ನನ್ನ ಕೈಗೆ ಬರುತ್ತದೆ. ಆದರೂ ಮಾಡಿ ನಿನ್ನ ಬಾಯಿಗೆ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ವೆಲ್ಡಿಂಗ್ ಮನಿ (ಜಮಖಂಡಿ)

ಅಣ್ಣಾ, ಕಂಪ್ರೆಸರ್ ಯಾಕೆ ಬೇಕು? ವೆಲ್ಡಿಂಗ್ ಅಂಗಡಿಯಲ್ಲಿ ಆಕ್ಸಿಜನ್ ಸಿಲಿಂಡರ್ ಇರುತ್ತದೆ, ಮೀಟರ್ ಇರುತ್ತದೆ, ಒತ್ತಡ ಎಷ್ಟು ಬೇಕೋ ಅಷ್ಟು ಇಡಬಹುದು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೊಡುವುದೂ ಅದನ್ನೇ ಅಲ್ವಾ? ಗಾಳಿಗಿಂತ ಆಕ್ಸಿಜನ್ ಇನ್ನೂ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ತಪ್ಪಿದ್ದರೆ ತಿಳಿದವರು ಹೇಳಿ.

ನೀರೊಳಗೆ (ವಿಜಯಪುರ)

ಜಮಖಂಡಿ ಅಣ್ಣಾ, ದಯವಿಟ್ಟು ಈ ಯೋಚನೆ ಇಲ್ಲಿಗೇ ಬಿಟ್ಟುಬಿಡಿ. ನಾನು ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವಿಂಗ್ ಕಲಿತವಳು. ಆಮೇಲೆ ಇದರ ಹಳೆಯ ಕಥೆಗಳನ್ನೆಲ್ಲಾ ಹುಡುಕಿ ಓದಿದೆ. ಆಕ್ಸಿಜನ್ ವಿಷಯದಲ್ಲಿ ಸ್ವತಃ ಕೂಸ್ಟೋ ಅವರೇ ಸಾಯುವುದರಿಂದ ತಪ್ಪಿಸಿಕೊಂಡವರು.

ಅದು 1939. ಗಾನ್ಯಾನ್ ಅವರನ್ನು ಭೇಟಿಯಾಗುವ ಮುಂಚೆ. ಸುಫ್ರೆನ್ ಎಂಬ ಯುದ್ಧನೌಕೆಯಲ್ಲಿ ಬಂದೂಕು ರಿಪೇರಿ ಮಾಡುವವನ ಹತ್ತಿರ ಕೂಸ್ಟೋ ಒಂದು ಯಂತ್ರ ಮಾಡಿಸಿದರು. ಗ್ಯಾಸ್ ಮಾಸ್ಕಿನ ಡಬ್ಬಿಯಲ್ಲಿ ಸೋಡಾ ಸುಣ್ಣ, ಒಂದು ಚಿಕ್ಕ ಆಕ್ಸಿಜನ್ ಬಾಟಲಿ, ಮೋಟರ್ ಸೈಕಲ್ಲಿನ ಒಳ ಟ್ಯೂಬಿನ ಒಂದು ತುಂಡು. ಬಿಟ್ಟ ಉಸಿರು ಸುಣ್ಣದ ಮೂಲಕ ಹಾದು ಸ್ವಚ್ಛವಾಗಿ ಮತ್ತೆ ಎಳೆಯಲು ಬರುತ್ತಿತ್ತು. ಅದನ್ನು ಕಟ್ಟಿಕೊಂಡು ಸುಮಾರು 14 ಮೀಟರ್ ಇಳಿದಾಗ ಮೈಯೆಲ್ಲಾ ಸೆಟೆದು ಜೋರಾಗಿ ಅದುರಲು ಶುರುವಾಯಿತು. ಪ್ರಜ್ಞೆ ಹೋಗುವ ಮುಂಚೆ ಸೊಂಟದ ತೂಕ ಬಿಚ್ಚಿ ಎಸೆದದ್ದಕ್ಕೆ ಮೇಲೆ ಬಂದು ಬದುಕಿದರು. ಶುದ್ಧ ಆಕ್ಸಿಜನ್ ಒತ್ತಡದಲ್ಲಿ ಮೆದುಳಿಗೆ ವಿಷ. ಈಗ ಅದಕ್ಕೆ 6 ಮೀಟರ್ ಗಡಿ ಇಟ್ಟಿದ್ದಾರೆ, ಅಂದರೆ 20 ಅಡಿ. ಈ ಬಾವಿ ಅದಕ್ಕಿಂತ ಆಳ. ಆಸ್ಪತ್ರೆಯಲ್ಲಿ ನೀರಿನ ಒತ್ತಡ ಇರುವುದಿಲ್ಲ, ಅದಕ್ಕೇ ಅಲ್ಲಿ ಅದು ಔಷಧಿ. ಇನ್ನೊಂದು ಮಾತು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆಕ್ಸಿಜನ್ ಮೀಟರಿಗೆ ಒಂದು ಹನಿ ಎಣ್ಣೆ ತಾಗಿದರೂ ಬೆಂಕಿ.

ಈಗ ಕಂಪ್ರೆಸರ್. ಬಾವಿಕಟ್ಟೆ ಅಣ್ಣಾ, ಟೈರಿಗೆ ಗಾಳಿ ಹೊಡೆಯುವ ಕಂಪ್ರೆಸರಿನ ಪಿಸ್ಟನ್ನಿಗೆ ಎಣ್ಣೆ ಹಾಕಿರುತ್ತಾರೆ. ಬಿಸಿಯಾದಾಗ ಆ ಎಣ್ಣೆ ಆವಿಯಾಗಿ ಗಾಳಿಯ ಜೊತೆ ಬರುತ್ತದೆ, ಜಾಸ್ತಿ ಕಾದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಕೂಡ ಹುಟ್ಟುತ್ತದೆ. ಪಕ್ಕದಲ್ಲಿ ಡೀಸೆಲ್ ಎಂಜಿನ್ ಓಡುತ್ತಿದ್ದರೆ ಅದರ ಹೊಗೆಯನ್ನೂ ಎಳೆದುಕೊಳ್ಳುತ್ತದೆ. ಮೊನಾಕ್ಸೈಡಿಗೆ ವಾಸನೆ ಇಲ್ಲ. ರಕ್ತದಲ್ಲಿ ಆಕ್ಸಿಜನ್ ಕೂರುವ ಜಾಗವನ್ನು ಅದು ಹಿಡಿದುಬಿಡುತ್ತದೆ, ಕೆಳಗೆ ಒತ್ತಡ ಹೆಚ್ಚಿದಷ್ಟೂ ಅದರ ಏಟೂ ಹೆಚ್ಚು. ಆಗಿನವರೂ ಇದನ್ನು ಅನುಭವಿಸಿಯೇ ಕಲಿತದ್ದು. ಇದ್ದಿಲು, ಹತ್ತಿ ತುಂಬಿದ ಫಿಲ್ಟರ್ ಮಾಡಿಕೊಳ್ಳುತ್ತಿದ್ದರು, ಆದರೂ ಎಣ್ಣೆ ರುಚಿಯ ಗಾಳಿ ಕುಡಿದು ತಲೆನೋವು ಬಂದವರು ಎಷ್ಟೋ ಜನ. ಸಾಮಾನ್ಯ ಇದ್ದಿಲು ಮೊನಾಕ್ಸೈಡನ್ನು ಹಿಡಿಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆ. ನಮಗೆ ಮೊದಲ ದಿನ ಮೊದಲು ಹೇಳಿಕೊಟ್ಟ ಪಾಠ: ನೀರೊಳಗೆ ಯಂತ್ರದಿಂದ ಉಸಿರಾಡುವಾಗ ಯಾವತ್ತೂ ಉಸಿರು ಹಿಡಿಯಬೇಡಿ. ಊರಿನ ಹಿರಿಯರು ಮೇಲೆ ಉಸಿರು ತುಂಬಿಕೊಂಡು ಮುಳುಗುತ್ತಾರೆ. ಅದೇ ಗಾಳಿ ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಆದರೆ ತಳದಲ್ಲಿ ಪೈಪಿನಿಂದ ಎದೆ ತುಂಬಾ ಗಾಳಿ ತೆಗೆದುಕೊಂಡು, ಏನೋ ಗಾಬರಿಯಾಗಿ, ಬಾಯಿ ಮುಚ್ಚಿ ಮೇಲೆ ಬಂದರೆ? ನಿಮ್ಮ ಬಾವಿಯ ಆಳದಿಂದ ಆ ಗಾಳಿ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶ ಹರಿಯುತ್ತದೆ, ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮೆದುಳಿಗೆ ಹೋಗುತ್ತದೆ. ಇದಕ್ಕೆ ನಾಲ್ಕೈದು ಅಡಿ ನೀರೂ ಸಾಕು. ಗಾಬರಿಯಾದಾಗ ಬಾಯಿ ಮುಚ್ಚುವುದು ಬಾವಿಯಲ್ಲಿ ಈಜು ಕಲಿತ ಪ್ರತಿಯೊಬ್ಬರ ಅಭ್ಯಾಸ. ಅದನ್ನು ಬಿಡಿಸಲು ತರಬೇತಿಯೇ ಬೇಕು. 1953ರಲ್ಲಿ ಶುರುವಾದ ಬ್ರಿಟಿಷ್ ಸಬ್ ಆಕ್ವಾ ಕ್ಲಬ್ಬಿನಲ್ಲೂ ನೀರಿಗೆ ಇಳಿಯುವವರು ಒಂದು ಕಡೆ ಸೇರಿ ಕಲಿಯುತ್ತಿದ್ದರು, ಕಲಿಸುತ್ತಿದ್ದರು.

ಇನ್ನು ಕಿವಿ. ಮೂಗು ಹಿಡಿದು ಮೆಲ್ಲಗೆ ಊದಿದರೆ ಕಿವಿಯ ಒಳಗೂ ಒತ್ತಡ ಸೇರಿ ನೋವು ಹೋಗುತ್ತದೆ. ನೋವು ಬರುವ ಮುಂಚೆಯೇ ಊದಬೇಕು. ಈಜುಕೊಳದ ಕನ್ನಡಕ ಹಾಕಿ ಆಳಕ್ಕೆ ಹೋಗಬೇಡಿ. 1930ರ ದಶಕದಲ್ಲಿ ಗೈ ಗಿಲ್‌ಪ್ಯಾಟ್ರಿಕ್ ಎಂಬ ಅಮೆರಿಕದವರು ಫ್ರಾನ್ಸಿನ ತೀರದಲ್ಲಿ ಪೈಲಟ್‌ಗಳ ಕನ್ನಡಕಕ್ಕೆ ಲಾಂಬಿ (ಪುಟ್ಟಿ) ಮೆತ್ತಿ, ಬಣ್ಣ ಬಳಿದು ನೀರು ಬರದ ಹಾಗೆ ಮಾಡಿಕೊಂಡು ಮೀನು ಹಿಡಿಯುತ್ತಿದ್ದರು. ಅಂಥ ಕನ್ನಡಕ ಆಳದಲ್ಲಿ ಕಣ್ಣನ್ನು ಹೊರಗೆ ಎಳೆಯುತ್ತದೆ, ಒಳಗೆ ಗಾಳಿ ಕೊಡಲು ದಾರಿ ಇಲ್ಲ. ಮೂಗನ್ನೂ ಮುಚ್ಚುವ ಮಾಸ್ಕ್ ಬಂದದ್ದು ಅದಕ್ಕೇ.

ಮಾಡಿ ನೋಡಬೇಕು ಅಂತ ಕೈ ತುರಿಸುತ್ತಿದ್ದರೆ ಒಂದು ಸಾಮಾನು ಹೇಳುತ್ತೇನೆ, ಅದರಿಂದ ಯಾರಿಗೂ ತೊಂದರೆ ಇಲ್ಲ. ಆಳ ಅಳೆಯುವ ಕೊಳವೆ. ಪಾರದರ್ಶಕ ಕೊಳವೆಯ ಒಂದು ತುದಿ ಮುಚ್ಚಿ, ತೆರೆದ ತುದಿ ಕೆಳಗೆ ಮಾಡಿ ನೀರಿಗೆ ಇಳಿಸಬೇಕು. ಸುಮಾರು 10 ಮೀಟರ್ ಹೋದಾಗ ಗಾಳಿ ಅರ್ಧಕ್ಕೆ ಕುಗ್ಗಿ, ನೀರು ಕೊಳವೆಯ ಅರ್ಧಕ್ಕೆ ಏರಿರುತ್ತದೆ. ಡೈವಿಂಗಿನವರು ಇದನ್ನು ಕೈಗೆ ಕಟ್ಟಿಕೊಂಡು ಹೋಗುತ್ತಿದ್ದರು.

ಹಳೇ ಲೇತ್ (ಉದ್ಯಮಬಾಗ್, ಬೆಳಗಾವಿ)

ಅಕ್ಕಾರ ಹೇಳಿದ್ದು ಬಂಗಾರದಂಥ ಮಾತು. ಕೊಳವೆಗೆ ಗೌಂಡಿಗಳ ಲೆವೆಲ್ ಪೈಪ್ ತುಂಡು ಸಾಕು. ಮೇಲೆ ಎಳೆದಾಗ ಗಾಳಿ ಹಿಗ್ಗಿ ನೀರು ಹೊರಗೆ ಹೋಗಿಬಿಡುತ್ತದೆ, ಎಷ್ಟು ಏರಿತ್ತು ಅಂತ ತಿಳಿಯುವುದಿಲ್ಲ. ಅದಕ್ಕೂ ದಾರಿ ಇದೆ. 1870ರ ದಶಕದಲ್ಲಿ ಲಾರ್ಡ್ ಕೆಲ್ವಿನ್ ಹಡಗಿನಿಂದ ಸಮುದ್ರದ ಆಳ ಅಳೆಯಲು ಇಂಥದ್ದೇ ಗಾಜಿನ ಕೊಳವೆಯ ಒಳಗೆ ಉಪ್ಪುನೀರು ತಾಗಿದರೆ ಬಣ್ಣ ಬದಲಾಗುವ ರಾಸಾಯನಿಕ ಬಳಿದಿದ್ದರು. ಬಾವಿಗೆ ಅಷ್ಟೆಲ್ಲಾ ಬೇಡ, ಒಳಗೆ ಚಿಟಿಕೆ ಕುಂಕುಮ ಹಾಕಿ ಅಲುಗಾಡಿಸು. ತೆಳ್ಳಗೆ ಅಂಟಿಕೊಳ್ಳುತ್ತದೆ. ನೀರು ಏರಿದಷ್ಟು ತೊಳೆದು ಹೋಗಿ, ಏರದ ಕಡೆ ಒಣಗಿಯೇ ಉಳಿಯುತ್ತದೆ.

ಹಿನ್ನೀರು (ಬಾಗಲಕೋಟೆ)

ನನಗೆ ಅರವತ್ತು ದಾಟಿದೆ. ಈ ಪ್ರಶ್ನೆ ಓದಿ ಘಟಪ್ರಭಾ ಹೊಳೆಯಲ್ಲಿ ಆಡಿದ ದಿನಗಳು ನೆನಪಾದವು. ಪಪ್ಪಾಯಿ ಎಲೆಯ ದಂಟು ಬಾಯಲ್ಲಿಟ್ಟುಕೊಂಡು, ತಲೆ ಮುಳುಗಿಸಿ ಉಸಿರಾಡುತ್ತಿದ್ದೆವು. ಅಷ್ಟು ಉದ್ದಕ್ಕೆ ಚೆನ್ನಾಗಿ ಆಗುತ್ತದೆ. ಒಂದು ದಿನ ನಾಲ್ಕು ಅಡಿ ಪೈಪ್ ತಂದು, ಕೆಳಗೆ ಕಲ್ಲು ಹಿಡಿದು ಕೂತೆ. ಗೆಳೆಯ ಮೇಲೆ ಪೈಪಿನ ಬಾಯಿ ಹಿಡಿದಿದ್ದ. ಎಷ್ಟು ಎಳೆದರೂ ಎದೆ ಏಳಲಿಲ್ಲ, ಯಾರೋ ಎದೆ ಮೇಲೆ ಕೂತ ಹಾಗೆ. ಪೈಪ್ ಕಟ್ಟಿಕೊಂಡಿದೆ ಅಂತ ಗೆಳೆಯನಿಗೆ ಬೈದೆ. ಪೈಪಿನಲ್ಲಿ ಏನೂ ದೋಷ ಇರಲಿಲ್ಲ. ಒಂದು ಮೀಟರ್ ಆಳದಲ್ಲಿ ನೀರು ಚದರ ಸೆಂಟಿಮೀಟರಿಗೆ 100 ಗ್ರಾಂ ಒತ್ತುತ್ತದೆ. ಎದೆಯ ಮೇಲೆ ಒಂದು ಗೇಣು ಉದ್ದ, ಒಂದು ಗೇಣು ಅಗಲದ ಜಾಗ ಲೆಕ್ಕ ಹಾಕಿದರೂ 40 ಕೆಜಿಗಿಂತ ಜಾಸ್ತಿ. ಮೇಲಿನ ಗಾಳಿಯನ್ನು ಆ ಭಾರದ ಕೆಳಗೆ ಎಳೆಯಲು ನಮ್ಮ ಪಕ್ಕೆಲುಬಿಗೆ ಶಕ್ತಿ ಇಲ್ಲ. ಲೇತ್ ಅಣ್ಣ ಬರೆದ ಡಯಾಫ್ರಾಮ್ ಯಾಕೆ ಬೇಕು ಅಂತ ನನಗೆ ಈಗ ಸರಿಯಾಗಿ ಅರ್ಥವಾಯಿತು.

ಡಯಾಫ್ರಾಮ್ ಇಲ್ಲದೆಯೂ ಒಂದು ಉಪಾಯ ಮಾಡುತ್ತಿದ್ದರು. 1930ರ ದಶಕದ ಅಮೆರಿಕದ ಹುಡುಗರು ನೀರು ಕಾಯಿಸುವ ಹಳೆ ಬಾಯ್ಲರ್ ಕತ್ತರಿಸಿ, ಮುಂದೆ ಗಾಜು ಕೂರಿಸಿ, ಹೆಗಲ ಮೇಲೆ ಕೂರುವ ಹಾಗೆ ಮಾಡಿ ಹೆಲ್ಮೆಟ್ ಮಾಡಿಕೊಳ್ಳುತ್ತಿದ್ದರು. ದೋಣಿಯಲ್ಲಿ ಒಬ್ಬ ಟೈರ್ ಪಂಪಿನಿಂದ ಗಾಳಿ ಹೊಡೆಯುತ್ತಿರಬೇಕು. ತಂಬಿಗೆಯನ್ನು ಬೋರಲಾಗಿ ನೀರಿಗೆ ಒತ್ತಿದರೆ ಒಳಗೆ ಗಾಳಿ ಉಳಿಯುತ್ತದಲ್ಲ, ಹಾಗೆ. ಕೆಳಗೆ ತೆರೆದಿರುವುದರಿಂದ ಒಳಗಿನ ಗಾಳಿಯ ಒತ್ತಡ ತಾನಾಗಿಯೇ ನೀರಿಗೆ ಸಮ. ಎಷ್ಟು ಸರಳ ನೋಡಿ! ಆದರೆ 20 ಲೀಟರಿನ ಹೆಲ್ಮೆಟ್ ಆದರೆ 20 ಕೆಜಿ ಬಲದಿಂದ ಮೇಲೆ ಎಳೆಯುತ್ತದೆ, ಅಷ್ಟು ಸೀಸ ಕಟ್ಟಬೇಕು. ಬಗ್ಗಿದರೆ ಗಾಳಿ ಹೋಗಿ ನೀರು ಬರುತ್ತದೆ. ಬಗ್ಗದೆ ಮೋಟರಿಗೆ ಹಗ್ಗ ಕಟ್ಟಲು ಆಗುತ್ತದಾ?

ತಮ್ಮಾ, ನೀನು ಕೆಳಗೆ ಹೋಗಲೇಬೇಕು ಅಂತ ಯಾಕೆ ಹಿಡಿದುಕೊಂಡಿದ್ದೀಯ? ನಿಮ್ಮ ಊರಲ್ಲಿ ಯಾರ ಮನೆಯಲ್ಲಾದರೂ ಪಾತಾಳಗರಡಿ ಇದ್ದೇ ಇರುತ್ತದೆ, ಕೊಡ ಬಿದ್ದಾಗ ಬಿಡುವ ಕೊಕ್ಕೆಗಳ ಗೊಂಚಲು. ಕಾಕಾನ ಕಡೆ ಅದನ್ನೇ ದಪ್ಪ ಸಲಾಕೆಯಲ್ಲಿ ಮಾಡಿಸು. ಇನ್ನು ನೋಡಲು, ಎಣ್ಣೆ ಡಬ್ಬಿಯ ತಳ ಕೊರೆದು ಗಾಜು ಅಂಟಿಸಿ ನೀರಿನ ಮೇಲೆ ಒತ್ತಿ ಹಿಡಿ. ನೀರಿನ ಮೇಲ್ಮೈಯ ಅಲೆ, ಹೊಳಪು ಎಲ್ಲಾ ಹೋಗಿ ಒಳಗೆ ಗಾಜಿನ ಪೆಟ್ಟಿಗೆಯ ಹಾಗೆ ಕಾಣುತ್ತದೆ. ಬೆಳಕಿಗೆ ನಮ್ಮ ಹಿರಿಯರ ಉಪಾಯ, ನಡುಮಧ್ಯಾಹ್ನ ದಂಡೆಯಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಬಾವಿಯೊಳಗೆ ತಿರುಗಿಸುವುದು.

ನಾನು ಈಗ ನವನಗರದಲ್ಲಿದ್ದೇನೆ. ಹುಟ್ಟಿದ ಓಣಿ ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಅಂಥ ಒಂದು ಡಬ್ಬಿ ಮಾಡಿಕೊಂಡು ದೋಣಿಯಲ್ಲಿ ಹೋಗಿದ್ದೆ, ನಮ್ಮ ಮನೆಯ ಕಟ್ಟೆ ಕಾಣುತ್ತದೇನೋ ಅಂತ. ನೀರು ರಾಡಿ, ಕೈ ಉದ್ದ ಕೂಡ ಕಾಣಲಿಲ್ಲ. ನಿನ್ನ ಬಾವಿಯ ನೀರು ತಿಳಿಯಾಗಿದ್ದರೆ ಖಂಡಿತ ಕಾಣುತ್ತದೆ.

ಸೂಜಿದಾರ (ಇಳಕಲ್)

ನಾನು ಹೊಲಿಗೆ ಕೆಲಸದವಳು, ಯಂತ್ರದ ಮಾತು ಗೊತ್ತಿಲ್ಲ. ಡೈವಿಂಗಿನವರು ಹಾಕುವ ರಬ್ಬರ್ ಬಟ್ಟೆ ಬಗ್ಗೆ ಓದಿದ್ದನ್ನು ಹೇಳುತ್ತೇನೆ. ಮೊದಮೊದಲು ಚಳಿಗೆ ಉಣ್ಣೆ ಬನಿಯನ್ ಹಾಕಿ, ಮೈಗೆ ಗ್ರೀಸ್ ಹಚ್ಚಿಕೊಂಡು ಇಳಿಯುತ್ತಿದ್ದರಂತೆ. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಹ್ಯೂ ಬ್ರಾಡ್ನರ್ ಎಂಬ ಭೌತಶಾಸ್ತ್ರಜ್ಞರು, ಮೈ ಒದ್ದೆಯಾದರೆ ಆಗಲಿ, ಬಟ್ಟೆಯೊಳಗೆ ಗಾಳಿಗುಳ್ಳೆ ಇದ್ದರೆ ಸಾಕು, ಬೆಚ್ಚಗಿರುತ್ತದೆ ಅಂತ ಕಂಡುಕೊಂಡರು. ಆಮೇಲೆ ಜನ ನಿಯೋಪ್ರೀನ್ ಎಂಬ ರಬ್ಬರಿನ ಹಾಳೆ ತಂದು, ಕಾಗದದಲ್ಲಿ ಅಳತೆ ಕತ್ತರಿಸಿ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ಹಾಳೆಗೆ ಆಗ ಬಟ್ಟೆಯ ಅಸ್ತರಿ ಇರಲಿಲ್ಲ, ಬರೀ ಸೂಜಿ ಹಾಕಿದರೆ ತೂತಿನಿಂದಲೇ ಹರಿಯುತ್ತಿತ್ತು. ಅದಕ್ಕೆ ಅಂಚಿಗೆ ಅಂಚು ಅಂಟು ಹಚ್ಚಿ ಕೂಡಿಸುತ್ತಿದ್ದರು. ಹಾಕಿಕೊಳ್ಳುವಾಗ ಮೈಗೆಲ್ಲಾ ಟಾಲ್ಕಮ್ ಪೌಡರ್, ಇಲ್ಲದಿದ್ದರೆ ಏರುತ್ತಲೇ ಇರಲಿಲ್ಲ. ಅಂಚಿಗೆ ಅಂಚು ಕೂಡಿಸುವುದು ಎಷ್ಟು ಕಷ್ಟ ಅಂತ ರವಿಕೆ ತೋಳು ಕೂರಿಸಿದವರಿಗೆ ಗೊತ್ತು. ಅವರ ತಾಳ್ಮೆಗೆ ಕೈ ಮುಗಿಯುತ್ತೇನೆ.

ಬಾವಿಕಟ್ಟೆ (ಬೆಳಗಾವಿ)

ಎಲ್ಲರಿಗೂ ಮನಸಾರೆ ವಂದನೆ. ಮೋಟರ್ ಮೇಲೆ ಬಂತು! ಯಾರೂ ಮುಳುಗಲಿಲ್ಲ.

ಹದಿನೈದು ಕೆಜಿ ಎಣ್ಣೆ ಡಬ್ಬಿಯ ತಳವನ್ನು ಅರ್ಧ ಇಂಚು ಅಂಚು ಬಿಟ್ಟು ಕತ್ತರಿಸಿದೆವು. ಕಿಟಕಿಗೆ ಹಾಕುವ ಗಾಜನ್ನು ಸಿಲಿಕಾನ್ ಹಚ್ಚಿ ಕೂರಿಸಿ, ಒಂದು ಇಡೀ ದಿನ ಒಣಗಲು ಬಿಟ್ಟೆವು. ಕಾಕಾ 12 ಎಂಎಂ ಸಲಾಕೆಯಲ್ಲಿ ನಾಲ್ಕು ಕೊಕ್ಕೆಯ ಪಾತಾಳಗರಡಿ ಮಾಡಿಕೊಟ್ಟ. ಭಾನುವಾರ ಹನ್ನೆರಡೂವರೆಗೆ ನನ್ನ ತಮ್ಮ ಕಪಾಟಿನ ಕನ್ನಡಿ ಬಿಚ್ಚಿ ತಂದು ದಂಡೆಯಲ್ಲಿ ನಿಂತ. ನಾನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಲಾರಿ ಟ್ಯೂಬಿನ ಮೇಲೆ ಹೊಟ್ಟೆ ಊರಿ, ಡಬ್ಬಿಯೊಳಗೆ ಮುಖ ಇಟ್ಟೆ.

ಮೊದಲು ಹಸಿರು ಬಿಟ್ಟರೆ ಏನೂ ಕಾಣಲಿಲ್ಲ. ತಮ್ಮ ಕನ್ನಡಿಯನ್ನು ಸ್ವಲ್ಪ ಸ್ವಲ್ಪವೇ ವಾಲಿಸುತ್ತಾ ಹೋದ. ಬಿಸಿಲಿನ ಕೋಲು ಗೋಡೆಯ ಕಲ್ಲು ಹಿಡಿದು ಕೆಳಗೆ ಇಳಿಯಿತು, ಕಲ್ಲಿನ ಸಂದಿಯ ಪಾಚಿ, ಅಲ್ಲಿ ಸುಳಿಯುವ ಸಣ್ಣ ಮೀನು, ಆಮೇಲೆ ತಳದ ಬಿಳಿ ಮರಳು. ಮೋಟರ್ ಅಡ್ಡ ಬಿದ್ದಿತ್ತು, ಎತ್ತುವ ಕೊಂಡಿ ಮೇಲ್ಮುಖವಾಗಿತ್ತು. ಪಕ್ಕದಲ್ಲಿ ನನ್ನ ತಂಗಿ ಸಣ್ಣವಳಿದ್ದಾಗ ಬೀಳಿಸಿದ್ದ ಸ್ಟೀಲ್ ಚರಗಿ. ಇಷ್ಟು ವರ್ಷ ಈಜಿದ ಬಾವಿಯ ತಳವನ್ನು ಜೀವನದಲ್ಲಿ ಮೊದಲ ಸಲ ನೋಡಿದೆ ರೀ. ಒಂದೈದು ನಿಮಿಷ ಮೋಟರ್ ಮರೆತು ಸುಮ್ನೆ ನೋಡುತ್ತಲೇ ಇದ್ದೆ.

"ಎಡಕ್ಕೆ, ಇನ್ನೊಂದು ಗೇಣು, ಬಿಡು" ಅಂತ ನಾನು ಹೇಳುತ್ತಾ ಹೋದೆ, ಕಾಕಾ ಮೇಲಿಂದ ಗರಡಿ ಬಿಡುತ್ತಾ ಹೋದ. ಆರನೇ ಸಲಕ್ಕೆ ಕೊಕ್ಕೆ ಕೊಂಡಿಗೆ ಸಿಕ್ಕಿತು. ನಾನು ಹೊರಗೆ ಬಂದ ಮೇಲೆ ಮೂರು ಕಂಬ ನಿಲ್ಲಿಸಿ, ಚೈನ್ ಪುಲ್ಲಿ ಹಾಕಿ ಎತ್ತಿದೆವು. ವೈಂಡಿಂಗ್ ಸರಿಯಿದೆ, ಮತ್ತೆ ಕೂರಿಸಿದ್ದೇವೆ. ಈ ಸಲ ನೈಲಾನ್ ಹಗ್ಗದ ಜೊತೆ ಸ್ಟೀಲ್ ತಂತಿಯನ್ನೂ ಕಟ್ಟಿದ್ದೇವೆ.

ಕುಂಕುಮದ ಕೊಳವೆಯೂ ಮಾಡಿದೆ. ಲೆವೆಲ್ ಪೈಪ್ ಒಳಗಿನ ಉದ್ದ ಸರಿಯಾಗಿ 60 ಸೆಂಟಿಮೀಟರ್. ಕಲ್ಲು ಕಟ್ಟಿ ತಳಕ್ಕೆ ಬಿಟ್ಟು ಎಳೆದಾಗ 33 ಸೆಂಟಿಮೀಟರ್ ಕುಂಕುಮ ಒಣಗಿಯೇ ಇತ್ತು. 60ನ್ನು 33ರಿಂದ ಭಾಗಿಸಿದರೆ 1.82. ಅದರಲ್ಲಿ ಮೇಲಿನ ಗಾಳಿಯ 1 ಕಳೆದರೆ 0.82. ಒಂದು ವಾತಾವರಣದ ಒತ್ತಡ ಅಂದರೆ 34 ಅಡಿ ಸಿಹಿನೀರು ಅಂತ ಪುಸ್ತಕದಲ್ಲಿದೆ, ಗುಣಿಸಿದರೆ 28 ಅಡಿ ಬರುತ್ತದೆ. ಆದರೆ ಹಗ್ಗ ಅಳೆದರೆ 25 ಅಡಿ ಚಿಲ್ಲರೆ. ಮೂರು ಸಲ ಮಾಡಿದೆ, ಮೂರು ಸಲವೂ ಹೀಗೇ. ಕೊಳವೆಯಲ್ಲಿ ಏನಾದರೂ ತಪ್ಪಿದೆಯಾ ಲೇತ್ ಅಣ್ಣಾ?

ಹಳೇ ಲೇತ್ (ಉದ್ಯಮಬಾಗ್, ಬೆಳಗಾವಿ)

ಓದಿ ಬಹಳ ಸಂತೋಷವಾಯಿತು ತಮ್ಮಾ. ನಿಮ್ಮ ಕಾಕಾನಿಗೂ ಹೇಳು. ಕೊಳವೆಯಲ್ಲಿ ತಪ್ಪಿಲ್ಲ, ಹಗ್ಗದಲ್ಲೂ ತಪ್ಪಿಲ್ಲ. 34 ಅಡಿ ಅನ್ನುವುದು ಸಮುದ್ರ ಮಟ್ಟದ ಲೆಕ್ಕ. ನಮ್ಮ ಬೆಳಗಾವಿ ಸಮುದ್ರಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದೆ, ಮೇಲಿರುವ ಗಾಳಿಯ ಭಾರವೇ ಕಡಿಮೆ. ಇಲ್ಲಿ ಗಾಳಿಯ ಒತ್ತಡಕ್ಕೆ ಸಮನಾಗಲು ಸುಮಾರು 31 ಅಡಿ ನೀರು ಸಾಕು. ಬೆಟ್ಟದ ಕೆರೆಗಳಲ್ಲಿ ಇಳಿಯುವವರೂ ಈ ಲೆಕ್ಕವನ್ನು ಬೇರೆಯಾಗಿಯೇ ಹಾಕಬೇಕು. 34ರ ಜಾಗದಲ್ಲಿ 31 ಇಟ್ಟು ಇನ್ನೊಮ್ಮೆ ಗುಣಿಸಿ ನೋಡು.